ಕೆಂಪು ಕಡಸು ನಿಂತ ಜಾಗ

ನಮ್ಮ ದೊಡ್ಡಮ್ಮ ಓರ್ಫಾ ಟೀಟರ್ ಸತ್ತಾಗ ಪಿಟೀಲು ಶಿಬಿರದವರು ಎಪ್ಪತ್ತು ಜನ ಬಂದಿದ್ದರು. ಪಿಟ್ಸ್‌ಬರ್ಗಿನಿಂದ, ಒಹಾಯೋದಿಂದ, ಒಂದು ಕುಟುಂಬವಂತೂ ಮೇರಿಲ್ಯಾಂಡಿನ ಆಚೆ ತುದಿಯಿಂದ, ಮಾರ್ಚ್ ತಿಂಗಳ ಕೆಸರಿನಲ್ಲಿ ವ್ಯಾನು ಹೂತುಹೋದರೂ ಬಿಡದೆ ಬಂದಿತ್ತು. ಅವರ ಕಣ್ಣೀರು ನಿಜವಾದದ್ದೇ, ಅಲ್ಲಗಳೆಯುವುದಿಲ್ಲ. ದೊಡ್ಡಮ್ಮನ ಮೇಲೆ ಅವರಿಗಿದ್ದ ಪ್ರೀತಿಯೂ ನಿಜ. ನನಗೆ ಸಿಟ್ಟಿರುವುದು ಆ ಪ್ರೀತಿಯ ಮೇಲೆಯೇ.

ನಾನು ನೆವಾ. ಬರ್ಚ್ ಫೋರ್ಕ್ ಹೊಳೆಯ ದಂಡೆಯ ಶಿಬಿರದಲ್ಲಿ ಇಪ್ಪತ್ತೆರಡು ವರ್ಷದಿಂದ ಅಡುಗೆ ನನ್ನದು. ಜುಲೈನಲ್ಲಿ ಒಂದು ವಾರ, ನಲವತ್ತು ಕುಟುಂಬ, ನೂರೈವತ್ತು ಬಾಯಿ. ಅಪ್ಪ ಬ್ಯಾಂಜೋ, ಅಮ್ಮ ಗಿಟಾರ್, ಮಕ್ಕಳು ಸಾಲಾಗಿ ಪಿಟೀಲು. ಎದ್ದರೆ ಸಂಗೀತ, ಉಂಡರೆ ಸಂಗೀತ, ತಟ್ಟೆ ತೊಳೆಯುವ ಸರದಿ ಬಂದಾಗ ಮಾತ್ರ ಅರ್ಧಕ್ಕರ್ಧ ಜನರಿಗೆ ಹೊಟ್ಟೆನೋವು. ಆದರೂ ಯಾರನ್ನು ಕೇಳಿದರೂ ನಾವೆಲ್ಲ ಒಂದೇ ಸಂಸಾರ ಎನ್ನುತ್ತಾರೆ. ಸಂಸಾರವೇನೋ ಹೌದು. ಸಂಸಾರದಲ್ಲಿ ನಡೆಯುವ ಅನ್ಯಾಯವೇ ಅಲ್ಲೂ ನಡೆಯಿತು.

ದೊಡ್ಡಮ್ಮ ಹುಟ್ಟಿದ್ದು ಟೀಟರ್ ಕಣಿವೆಯ ಕೊನೆಯ ಮನೆಯಲ್ಲಿ. ಅವಳ ಅಪ್ಪ, ಅಂದರೆ ನನ್ನ ತಾತ ಲೇಬನ್, ಮರ ಕೊಯ್ಯುವ ಮಿಲ್ಲಿನಲ್ಲಿ ಕೂಲಿ. ಕೆಲಸದಿಂದ ಬಂದವನು ಬೂಟು ಬಿಚ್ಚುವ ಮೊದಲು ಗೋಡೆಯಿಂದ ಪಿಟೀಲು ಇಳಿಸುತ್ತಿದ್ದ. ಮೂವರು ಗಂಡುಮಕ್ಕಳನ್ನು ಒಬ್ಬೊಬ್ಬರಾಗಿ ಎದುರು ಕೂರಿಸಿಕೊಂಡು ನೋಡಿದ, ಒಬ್ಬನಿಗೂ ಸಂಗೀತದ ಕಿವಿಯಿರಲಿಲ್ಲ. ಕೊನೆಗೆ ಬೇರೆ ದಾರಿಯಿಲ್ಲದೆ ಹಿರಿಯ ಮಗಳನ್ನು ಕೂರಿಸಿಕೊಂಡ. ನಮ್ಮ ಕಡೆ ಕಲಿಸುವುದೆಂದರೆ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು ಕೇಳಿಸುವುದು. ಕಾಗದವಿಲ್ಲ, ಲೆಕ್ಕವಿಲ್ಲ. ಅವಳಿಗೆ ಆಗ ಏಳು ವರ್ಷ.

ತಾತ ಕಟ್ಟಿದ ಮಟ್ಟು ಒಂದೇ ಒಂದು. ಅದರ ಹೆಸರು ‘ಕೆಂಪು ಕಡಸು’. ಒಂದು ನವೆಂಬರಿನಲ್ಲಿ ಮನೆಯ ಕೆಂಪು ಕಡಸು ಕಳೆದುಹೋಗಿ, ಮೂರು ದಿನ ಗುಡ್ಡವೆಲ್ಲ ಹುಡುಕಿ ಕೈಚೆಲ್ಲಿ ಕೂತಾಗ, ಅದು ತಾನಾಗಿಯೇ ಇಳಿಜಾರಿನಲ್ಲಿ ಓಡುತ್ತ ಬಂತಂತೆ. ಮಟ್ಟಿನ ಮೊದಲ ಭಾಗ ಹುಡುಕಾಟ. ಎರಡನೆಯ ಭಾಗ ಆ ಓಟ. ಮೇಲಿನ ತಂತಿಯಿಂದ ಕೆಳಗಿನ ತಂತಿಯವರೆಗೆ ಒಂದೇ ಉಸಿರಿಗೆ ಇಳಿಯಬೇಕು, ನಡುವೆ ಎಲ್ಲೂ ಕಮಾನು ನಿಲ್ಲಬಾರದು. ದೊಡ್ಡಮ್ಮ ನುಡಿಸುವಾಗ ಆ ಜಾಗ ಬಂತೆಂದರೆ ನನ್ನ ಹೊಟ್ಟೆಯಲ್ಲಿ ಉಯ್ಯಾಲೆ ಇಳಿದ ಹಾಗಾಗುತ್ತಿತ್ತು.

ಮುಂದೆ ಅವಳು ಇಪ್ಪತ್ತೇಳು ವರ್ಷ ಅಂಗಿ ಕಾರ್ಖಾನೆಯಲ್ಲಿ ಕಫ್ ಹೊಲಿದಳು. ಬರೀ ಕಫ್. ಪೂರ್ತಿ ಅಂಗಿ ಹೊಲಿಯಲು ನನಗೆ ಬರುವುದೇ ಇಲ್ಲ ಎಂದು ನಗುತ್ತಿದ್ದಳು. ಗಂಡ ಡೆಂಜಿಲ್ ಒಳ್ಳೆಯವನು, ಬೇಗ ಹೋದ. ಮಕ್ಕಳಿರಲಿಲ್ಲ. ಇದ್ದವಳು ನಾನು, ಅವಳ ತಂಗಿಯ ಮಗಳು. ನನ್ನ ಒಂಬತ್ತನೆಯ ವಯಸ್ಸಿನಲ್ಲಿ ಕೈಗೆ ಪಿಟೀಲು ಕೊಟ್ಟು ಎದುರು ಕೂರಿಸಿಕೊಂಡಿದ್ದಳು. ಕತ್ತು ನೋಯುತ್ತದೆ ಎಂದು ಎರಡೇ ವಾರಕ್ಕೆ ಬಿಟ್ಟೆ. ಆಮೇಲೆ ಗಿಟಾರ್ ಹಿಡಿದೆ, ಅದೂ ಸುಮಾರಿಗೆ.

ಶಿಬಿರ ಶುರುವಾದದ್ದು ಹನ್ನೊಂದು ಕುಟುಂಬದಿಂದ. ಅದನ್ನು ಕಟ್ಟಿದವನು ಗಾರ್ಲೆಂಡ್ ನೆಸ್ಟರ್. ಶಾಲಾ ಮಾಸ್ತರ, ಪಿಟೀಲಿನ ಹುಚ್ಚ, ಇರುವೆಗೂ ದಾರಿ ಬಿಡುವ ಮನುಷ್ಯ. ಊರಿನ ಅಗ್ನಿಶಾಮಕ ದಳದವರ ಸಂತರ್ಪಣೆಯಲ್ಲಿ ದೊಡ್ಡಮ್ಮನ ಪಿಟೀಲು ಕೇಳಿ ಮನೆಗೇ ಬಂದು ಕರೆದಿದ್ದ. ಮೊದಲ ವರ್ಷದಿಂದ ಅವಳು ಒಂದು ಜುಲೈಯನ್ನೂ ತಪ್ಪಿಸಲಿಲ್ಲ. ಶಿಬಿರದವರಿಗೆಲ್ಲ ಅವಳು ಓರ್ಫಮ್ಮ. ವರಾಂಡದ ಅವಳ ಕುರ್ಚಿಯಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ, ಮಳೆ ಬಂದರೆ ನಾಲ್ಕು ಜನ ಕೊಡೆ ಹಿಡಿದು ಓಡುತ್ತಿದ್ದರು. ಬಿರುಗಾಳಿಗೆ ಅವಳ ಮನೆಯ ಮಾಡು ಹಾರಿಹೋದ ವರ್ಷ ಹತ್ತೊಂಬತ್ತು ಜನ ಬಂದು ಎರಡು ದಿನದಲ್ಲಿ ಹೊಸ ತಗಡು ಹೊದಿಸಿದರು. ಇಂಥವರನ್ನು ಬೈದರೆ ನನ್ನ ನಾಲಿಗೆಗೇ ಹುಳ ಬೀಳಬೇಕು. ಆದರೂ ಬೈಯುತ್ತೇನೆ.

ಯಾಕೆಂದರೆ ಇಷ್ಟೆಲ್ಲ ಕೊಟ್ಟವರು ಅವಳು ಬೇಡಿದ ಒಂದನ್ನು ಕೊಡಲಿಲ್ಲ. ಅವಳಿಗೆ ಬೇಕಿದ್ದದ್ದು ಸಾಯುವ ಮೊದಲು ‘ಕೆಂಪು ಕಡಸ’ನ್ನು ಇನ್ನೊಂದು ಕೈಗೆ ದಾಟಿಸುವುದು, ಅಷ್ಟೇ. ಅದಕ್ಕೆ ಅಡ್ಡ ಬಂದದ್ದು ಶ್ರುತಿ.

ಆ ಮಟ್ಟನ್ನು ನುಡಿಸಲು ಪಿಟೀಲಿನ ನಾಲ್ಕು ತಂತಿಗಳಲ್ಲಿ ಮೂರರ ಶ್ರುತಿ ಬದಲಿಸಬೇಕು, ಎರಡು ಏರಿಸಿ ಒಂದು ಇಳಿಸಬೇಕು. ಏರಿಸಿದ್ದು ತುಂಡಾಗುವ ಭಯ, ಇಳಿಸಿದ್ದು ನಿಲ್ಲದೆ ಜಾರುವ ಕಾಟ. ಬ್ಯಾಂಜೋದವರೂ ತಂತಿ ಬಿಗಿಯುವ ಬಿರಡೆ ತಿರುವಬೇಕು. ಹೀಗಾಗಿ ನಮ್ಮ ಶಿಬಿರದಲ್ಲಿ ವೃತ್ತವಾಗಿ ಕೂತು ನುಡಿಸುವಾಗ ಒಂದು ಮರ್ಯಾದೆಯಿದೆ. ಎಲ್ಲರೂ ಒಂದು ಶ್ರುತಿಗೆ ಕೂತ ಮೇಲೆ ಆ ಶ್ರುತಿಯ ಮಟ್ಟುಗಳೆಲ್ಲ ಮುಗಿಯುವವರೆಗೆ ಯಾರೂ ಕದಲಿಸಬಾರದು. ಒಬ್ಬರಿಗಾಗಿ ಮೂವತ್ತು ಜನರಿಗೆ ತೊಂದರೆ ಕೊಡಬಾರದು. ಚಿಕ್ಕವರಿಗೂ ಗೊತ್ತಿರುವ ನಿಯಮ ಅದು.

ದೊಡ್ಡಮ್ಮ ಮೊದಲ ವರ್ಷ ಕೇಳಿದಾಗ, ಶ್ರುತಿ ಬದಲಿಸುವಾಗ ನಿಮ್ಮದೇ ಮೊದಲು ಓರ್ಫಮ್ಮ ಎಂದರು. ಶ್ರುತಿ ಬದಲಾಗುವ ಹೊತ್ತಿಗೆ ಊಟದ ಗಂಟೆ ಬಾರಿಸಿತ್ತು. ಮರುವರ್ಷ ಮಕ್ಕಳು ಈಗಷ್ಟೇ ಕಲಿಯುತ್ತಿದ್ದಾರೆ, ಗೊಂದಲವಾಗುತ್ತದೆ ಎಂದರು. ಮಾಡು ಹೊದಿಸಿದ ವರ್ಷ ಅವಳ ಮನೆಯ ಜಗುಲಿಯಲ್ಲೇ ಕೂತು ನುಡಿಸಿದರಲ್ಲ, ಆವತ್ತು ಎಲ್ಲರಿಗೂ ಸುಸ್ತು, ಇದ್ದ ಶ್ರುತಿಯಲ್ಲೇ ಇರೋಣ ಎಂದರು. ಯಾರೂ ಆಗುವುದಿಲ್ಲ ಎನ್ನಲಿಲ್ಲ. ಮುಖ ಗಂಟಿಕ್ಕಿದವರೂ ಇಲ್ಲ. ನಗುನಗುತ್ತ, ಹೆಗಲು ಸವರುತ್ತ, ಇಪ್ಪತ್ತೈದು ವರ್ಷ ಮುಂದೂಡಿದರು. ಅವಳೂ ಅದಕ್ಕೇನು ಬಿಡಿ ಎಂದು ಅವರ ಮಟ್ಟುಗಳನ್ನೇ ಅವರ ಜೊತೆ ನುಡಿಸಿದಳು.

ನಾನೇನು ಕಮ್ಮಿ? ಶಿಬಿರ ಮುಗಿದ ಮೇಲೆ ನಮ್ಮ ಮನೆಗೆ ಬಂದು ನೀನಾದರೂ ಕಲಿ ನೆವಾ, ಬೆರಳಿಗೆ ಬರದಿದ್ದರೆ ಬಾಯಲ್ಲಾದರೂ ಇಟ್ಟುಕೊ ಎನ್ನುತ್ತಿದ್ದಳು. ಚಳಿಗಾಲಕ್ಕೆ ಬೀನ್ಸು ಡಬ್ಬಿಗೆ ತುಂಬುವುದು ಮುಗಿಯಲಿ ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಬೀನ್ಸು ಮುಗಿದ ವರ್ಷವೇ ಇಲ್ಲ.

ಅವಳಿಗೆ ಎಪ್ಪತ್ತೇಳು ತುಂಬಿದ ಜುಲೈ ಬಂತು. ಆ ವರ್ಷ ಅವಳು ಕೇಳಲೇ ಇಲ್ಲ. ಪಿಟೀಲು ಪೆಟ್ಟಿಗೆಯಲ್ಲೇ ಇಟ್ಟುಕೊಂಡು ವೃತ್ತದಲ್ಲಿ ಕೂತು ತಾಳ ಹಾಕುತ್ತಿದ್ದಳು, ಇಲ್ಲವೇ ಅಡುಗೆಮನೆಗೆ ಬಂದು ನನಗೆ ಬೀನ್ಸು ಮುರಿದುಕೊಡುತ್ತಿದ್ದಳು. ಕೇಳಿ ಕೇಳಿ ಮನಸ್ಸು ಮುರಿದಿದೆ ಎಂದುಕೊಂಡೆ. ಮಂಗಳವಾರ ಮಧ್ಯಾಹ್ನ ಸೌಟು ಹಿಡಿದುಕೊಂಡೇ ವರಾಂಡಕ್ಕೆ ಹೋಗಿ ಗಾರ್ಲೆಂಡನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡೆ.

"ಇಪ್ಪತ್ತೈದು ವರ್ಷದಿಂದ ನಿಮ್ಮ ತಂತಿಗಿಂತ ಬಿಗಿಯಾಗಿ ಕೂತಿದೀರಲ್ಲ ಮೇಷ್ಟ್ರೇ, ಒಬ್ಬ ಮುದುಕಿಗೋಸ್ಕರ ಹತ್ತು ನಿಮಿಷ ಬಿರಡೆ ತಿರುಗಿಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಅಂದೆ.

ಗಾರ್ಲೆಂಡನ ಮುಖ ಸಪ್ಪಗಾಯಿತು. ಅವನಿಗೆ ನಿಜವಾಗಿಯೂ ಹೊಳೆದೇ ಇರಲಿಲ್ಲ. ಅಲ್ಲೇ ಎದ್ದು ನಿಂತು, ಗುರುವಾರ ಊಟವಾದ ಮೇಲಿನ ವೃತ್ತ ಓರ್ಫಮ್ಮನದು, ಎಲ್ಲರೂ ಅವರ ಶ್ರುತಿಗೆ ಬರಬೇಕು ಎಂದು ಸಾರಿದ. ಜನ ಚಪ್ಪಾಳೆ ತಟ್ಟಿದರು. ನಾನು ಗೆದ್ದವಳ ಹಾಗೆ ಅಡುಗೆಮನೆಗೆ ಓಡಿ ಬಂದು ಹೇಳಿದೆ.

ಅವಳು ಬೀನ್ಸಿನ ಬುಟ್ಟಿಯಿಂದ ತಲೆಯೆತ್ತಲಿಲ್ಲ. "ಈ ವರ್ಷ ಬೇಡ ಕಣೇ."

"ಇಷ್ಟು ವರ್ಷ ಕಾದು ಈಗ ನಖರಾ ಮಾಡ್ತೀಯಾ ದೊಡ್ಡಮ್ಮ?"

"ನಖರಾ ಅಲ್ಲ. ಮುಂದಿನ ವರ್ಷ ನೋಡೋಣ ಅಂತ ಅವರಿಗೆ ಹೇಳು. ಅವರು ನಂಗೆ ಹೇಳಿಲ್ವಾ, ಹಾಗೆ."

ನಾನು ಅವಳ ಮಾತು ಕೇಳದೆ ಒತ್ತಾಯಿಸಿ ಒಪ್ಪಿಸಿದೆ. ಅವಳು ಬಲಗೈ ಒಂದರಲ್ಲೇ ಬೀನ್ಸು ಮುರಿಯುತ್ತಿದ್ದಳು, ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಅದನ್ನು ಕಣ್ಣಾರೆ ಕಂಡೆ, ತಲೆಗೆ ಹೋಗಲಿಲ್ಲ. ಫೆಬ್ರವರಿಯಿಂದ ಅವಳ ಎಡಗೈಯ ಉಂಗುರದ ಬೆರಳು ಮಡಚಿದರೆ ಬಿಚ್ಚುತ್ತಿರಲಿಲ್ಲ, ಬಿಚ್ಚಿದರೆ ಮಡಚುತ್ತಿರಲಿಲ್ಲ ಎಂದು ನನಗೆ ಗೊತ್ತಾದದ್ದು ಆಮೇಲೆ.

ಇಲ್ಲಿ ನಮ್ಮವರ ಇನ್ನೊಂದು ಹುಚ್ಚನ್ನು ಹೇಳಬೇಕು. ಪೇಟೆಯ ಮಟ್ಟುಗಳಿಗೆ ತಾಳದ ಪೆಟ್ಟುಗಳ ಲೆಕ್ಕ ಸರಿಯಾಗಿರುತ್ತದೆ. ನಮ್ಮ ಗುಡ್ಡದ ಹಳೆಯ ಮುದುಕರು ತಮಗೆ ತೋಚಿದಲ್ಲಿ ಒಂದು ಪೆಟ್ಟು ನುಂಗುತ್ತಿದ್ದರು, ಇನ್ನೊಂದು ಕಡೆ ಎರಡು ಸೇರಿಸುತ್ತಿದ್ದರು. ಅದನ್ನು ಸೊಟ್ಟ ಮಟ್ಟು ಎನ್ನುತ್ತಾರೆ. ಸೊಟ್ಟ ಎಂದರೆ ಶಿಬಿರದವರಿಗೆ ಪ್ರಾಣ. ನೆಟ್ಟಗಿರುವುದು ಯಾರಿಗೂ ಬೇಡ. ಮುದುಕರು ಎಲ್ಲಿ ಎಡವುತ್ತಾರೋ ಅಲ್ಲೇ ತಾವೂ ಎಡವುವುದನ್ನು ಮೂರು ದಿನ ಕೂತು ಕಲಿಯುತ್ತಾರೆ. ಹಿರಿಯರು ನುಡಿಸಿದ್ದನ್ನು ತಿದ್ದುವುದಕ್ಕಿಂತ ದೊಡ್ಡ ಪಾಪ ಅಲ್ಲಿ ಬೇರೆ ಇಲ್ಲ.

ಗುರುವಾರ ಐವತ್ತು ಜನ ಕೂತರು. ಶ್ರುತಿ ಮಾಡಲು ಕಾಲು ಗಂಟೆ ಹಿಡಿಯಿತು. ಆರು ತಂತಿ ತುಂಡಾದವು, ಒಂದೊಂದು ತುಂಡಾದಾಗಲೂ ನಗು, ಒಬ್ಬರಿಗೊಬ್ಬರು ತಂತಿ ಕೊಡುವುದು, ಚಿಕ್ಕವರ ಬಿರಡೆಯನ್ನು ದೊಡ್ಡವರು ತಿರುವುವುದು. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ನನ್ನ ಕಣ್ಣೂ ಒದ್ದೆಯಾಯಿತು. ಕಾಲು ಗಂಟೆ. ಇಷ್ಟೇ ಆಗಿತ್ತಲ್ಲ ಬೇಕಾದದ್ದು.

ದೊಡ್ಡಮ್ಮ ಪಿಟೀಲು ಎದೆಗೆ ಒತ್ತಿಕೊಂಡಳು. ಎದ್ದು ಹೋಗುವುದಕ್ಕೆ ಅವಳಿಗೆ ಮನಸ್ಸು ಬರಲಿಲ್ಲ, ಅಷ್ಟು ಜನ ಅವಳಿಗಾಗಿ ತಂತಿ ಕಡಿದುಕೊಂಡಿದ್ದರು. ಈ ಮಟ್ಟು ನಮ್ಮ ಅಪ್ಪ ಲೇಬನ್ ಟೀಟರ್‌ನಿಂದ ಬಂದದ್ದು ಎಂದು ಪದ್ಧತಿಯಂತೆ ಹೇಳಿ ಶುರುಮಾಡಿದಳು. ಮೊದಲ ಭಾಗ ಚೆನ್ನಾಗಿಯೇ ಬಂತು. ಎರಡನೆಯ ಭಾಗದ ಇಳಿಜಾರು ಹಿಡಿದಳು, ನಡುವಿನಲ್ಲಿ ಆ ಬೆರಳು ಬೀಳಬೇಕಾದ ಕಡೆ ಬೀಳಲಿಲ್ಲ. ಕಮಾನು ಬರಿಯ ತಂತಿಯ ಮೇಲೆ ಎರಡು ಪೆಟ್ಟು ಹಾಗೇ ಕೊರೆಯಿತು. ಆಮೇಲೆ ಬೆರಳು ಹೇಗೋ ಇಳಿದು ಓಟ ಮುಗಿಯಿತು. ಮೂರು ಸುತ್ತು ನುಡಿಸಿದಳು. ಮೂರು ಸಲವೂ ಅದೇ ಜಾಗದಲ್ಲಿ ಎರಡೇ ಪೆಟ್ಟು ನಿಂತಳು. ಎರಡನೆಯ ಸುತ್ತಿಗೆ ಸುತ್ತಲೂ ಫೋನುಗಳು ಎದ್ದಿದ್ದವು.

ಮೂರನೆಯ ಸುತ್ತು ಮುಗಿಯಿತು. ಗಾರ್ಲೆಂಡ್ ಕನ್ನಡಕ ತೆಗೆದು ಒರೆಸಿಕೊಂಡ. ಇಳಿಜಾರಿನ ನಡುವೆ ಎರಡು ಪೆಟ್ಟು ತಡೆದು ನಿಲ್ಲುವುದು, ಇಂಥ ಸೊಟ್ಟನ್ನು ನಾನು ಜನ್ಮದಲ್ಲಿ ಕೇಳಿಲ್ಲ, ಕಡಸು ನಿಂತು ತಿರುಗಿ ನೋಡಿದ ಹಾಗೇ ಇದೆ ಎಂದ. ಎಲ್ಲರೂ ತಲೆಯಾಡಿಸಿದರು.

"ಅದು ಸೊಟ್ಟಲ್ಲಪ್ಪ," ಅಂದಳು ದೊಡ್ಡಮ್ಮ. "ನನ್ನ ಬೆರಳು. ಅಲ್ಲಿ ನಿಲ್ಲಬಾರದು."

ಎಲ್ಲರೂ ನಕ್ಕರು. ಪ್ರೀತಿಯ ನಗು. ದೊಡ್ಡ ಪಿಟೀಲುಗಾರರು ಯಾರು ತಾನೇ ತಮ್ಮದು ಸರಿಯಿದೆ ಎಂದಿದ್ದಾರೆ?

"ಹೌದೌದು ಓರ್ಫಮ್ಮ, ನಿಮ್ಮ ಅಪ್ಪನೂ ಹೀಗೇ ಬೆರಳಿನ ಮೇಲೆ ತಪ್ಪು ಹಾಕಿರ್ತಾರೆ," ಅಂದ ಗಾರ್ಲೆಂಡ್. ಅಷ್ಟು ಹೊತ್ತಿಗೆ ಆಚೆ ಬದಿಯಲ್ಲಿ ನಾಲ್ಕು ಜನ ಆಗಲೇ ಅದನ್ನು ಕಲಿಯತೊಡಗಿದ್ದರು, ನಿಲ್ಲುವುದರ ಸಮೇತ. ಅವಳು ಬಾಯಲ್ಲಿ ಗುನುಗಿ ತೋರಿಸಿದಳು. ಐವತ್ತು ಜನರ ಗದ್ದಲದಲ್ಲಿ ಎಪ್ಪತ್ತೇಳರ ಗಂಟಲು ಯಾರಿಗೆ ಕೇಳೀತು?

ಒಬ್ಬಳಿಗೆ ಕೇಳಿತ್ತು. ಒಹಾಯೋದ ಶಾಲೆಯೊಂದರಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುವ ಕೊರಿನ್ ಲ್ಯಾಂಗ್, ಮೂವತ್ತರ ಹೆಂಗಸು, ಶುಕ್ರವಾರ ತಿಂಡಿಯಾದ ಮೇಲೆ ದೊಡ್ಡಮ್ಮನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಳು. ದೊಡ್ಡಮ್ಮ ಗುನುಗಿದಳು, ಕೊರಿನ್ ಹಿಡಿದಳು. ಎರಡು ತಾಸಿಗೆ ಕಡಸು ಗುಡ್ಡದಿಂದ ಎಲ್ಲೂ ತಡೆಯದೆ ಓಡಿ ಬಂತು. ಅಡುಗೆಮನೆಯ ಕಿಟಕಿಯಲ್ಲಿ ನಾನು ಹಿಟ್ಟು ಕಲಸುವುದನ್ನು ಬಿಟ್ಟು ನಿಂತು ಕೇಳಿದೆ. ಅವತ್ತು ದೊಡ್ಡಮ್ಮ ಬ್ಲ್ಯಾಕ್‌ಬೆರಿ ಕಡುಬನ್ನು ಎರಡು ಸಲ ಹಾಕಿಸಿಕೊಂಡು ತಿಂದಳು. ನಂಗಿನ್ನು ಏನಾದ್ರೂ ಆಗ್ಲಿ, ಚಿಂತೆಯಿಲ್ಲ ಬಿಡೇ ಎಂದಳು.

ಆ ಸುಖ ಮಧ್ಯಾಹ್ನದವರೆಗೆ ಇತ್ತು. ಊಟದ ನಂತರ ವೃತ್ತ ‘ಕೆಂಪು ಕಡಸ’ನ್ನು ಎತ್ತಿಕೊಂಡಿತು. ಕೊರಿನ್ ಕಲಿತಂತೆ ನೇರ ಇಳಿದಳು, ಉಳಿದವರೆಲ್ಲ ನಿಂತರು, ಅವಳು ಒಬ್ಬಳೇ ಎರಡು ಪೆಟ್ಟು ಮುಂದೆ ಹೋಗಿ ಬಿದ್ದಳು. ಅಲ್ಲಿ ತಡೀಬೇಕು ಕೊರಿನ್ ಎಂದು ಪಕ್ಕದವರು ಮೆಲ್ಲಗೆ ಹೇಳಿದರು. ಓರ್ಫಮ್ಮನೇ ಹೀಗೆ ಹೇಳಿಕೊಟ್ಟರು ಎಂದಳು ಅವಳು.

ಗಾರ್ಲೆಂಡ್ ಮಾಸ್ತರನ ದನಿಯಲ್ಲಿ, ಆದರೆ ಮೃದುವಾಗಿಯೇ ಹೇಳಿದ: "ಹಿರಿಯರು ಹೇಳೋದನ್ನಲ್ಲಮ್ಮ ಕಲಿಯೋದು, ನುಡಿಸೋದನ್ನ. ಹೇಳುವಾಗ ಅವರು ನಮಗೋಸ್ಕರ ಸಲೀಸು ಮಾಡಿಬಿಡ್ತಾರೆ."

ಐವತ್ತು ಜನರ ಎದುರು ಒಬ್ಬಳು ಎಷ್ಟು ಹೊತ್ತು ಓಡಿಯಾಳು? ಎರಡನೆಯ ಸುತ್ತಿಗೆ ತಡವರಿಸಿದಳು. ಮೂರನೆಯ ಸುತ್ತಿಗೆ ಕೊರಿನ್ ಕೂಡ ನಿಂತಳು, ಎಲ್ಲರೂ ಅವಳತ್ತ ನೋಡಿ ಮುಗುಳ್ನಕ್ಕರು. ದೊಡ್ಡಮ್ಮ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ನಾನು ಅಡ್ಡ ಬಂದು ಜಗಳವಾಡಿದೆ, ಅದು ಬೆರಳಿನ ತಪ್ಪು, ಅವಳ ಕೈ ನೋಡಿ, ಕುರುಡರೇ ಎಂದೆ. ನಿನ್ನ ಸಂಕಟ ಅರ್ಥವಾಗುತ್ತದೆ ನೆವಾ ಎಂದು ಗಾರ್ಲೆಂಡ್ ನನ್ನನ್ನು ತಬ್ಬಿಕೊಂಡ. ಸರಿ ಹಾಗಾದರೆ ಸರಿಯಾದದ್ದನ್ನು ನೀನೇ ಹಾಡು ಎಂದು ಯಾರೋ ಕೇಳಿದರು. ಮೊದಲ ಭಾಗ ಹಾಡಿದೆ. ಇಳಿಜಾರು ಬಂದಾಗ ಬಾಯಿಗೆ ಬರಲಿಲ್ಲ. ನಲವತ್ತು ವರ್ಷ ಕೇಳಿದ್ದೆ, ಕಲಿತಿರಲಿಲ್ಲ.

ಕ್ರಿಸ್‌ಮಸ್ ಹೊತ್ತಿಗೆ ಮಟ್ಟು ಊರೂರು ಸುತ್ತಿತ್ತು. ಯಾರೋ ಸ್ವೀಡನ್ನಿನವರು ನುಡಿಸಿದ್ದನ್ನು ಗಾರ್ಲೆಂಡ್ ಫೋನಿನಲ್ಲಿ ತಂದು ತೋರಿಸಿದ. ಅವರೂ ಇದು ಓರ್ಫಾ ಟೀಟರ್ ಅವರಿಂದ ಬಂದದ್ದು ಎಂದು ಭಕ್ತಿಯಿಂದ ಹೇಳಿ, ಅಷ್ಟೇ ಭಕ್ತಿಯಿಂದ ಅದೇ ಜಾಗದಲ್ಲಿ ನಿಂತರು. ದೊಡ್ಡಮ್ಮ ಚೆನ್ನಾಗಿದೆಯಪ್ಪ ಎಂದಳು. ಅವನು ಹೋದ ಮೇಲೆ ಪಿಟೀಲನ್ನು ಮಂಚದಡಿಗೆ ತಳ್ಳಿದಳು. ನಮ್ಮಪ್ಪನ ಮರ್ಯಾದೆ ನಾನೇ ತೆಗೆದೆ ಎಂದು ಅತ್ತಳು. ಸಮಾಧಾನ ಮಾಡಲು ನನಗೆ ಮುಖವಿರಲಿಲ್ಲ. ಬೇಡ ಎಂದವಳನ್ನು ದೂಡಿ ಕೂರಿಸಿದವಳು ನಾನೇ.

ಮರುವರ್ಷದ ಶಿಬಿರದಲ್ಲಿ ಅವಳ ಗೌರವಕ್ಕೆಂದು ಮೊದಲ ಬೆಳಗ್ಗೆಯೇ ಎಲ್ಲರೂ ಆ ಶ್ರುತಿಗೆ ಬಂದು ಕಾದಿದ್ದರು. ಇಪ್ಪತ್ತೈದು ವರ್ಷ ಕದಲದಿದ್ದ ತಂತಿಗಳು ಈಗ ಅವಳಿಗಾಗಿ ದಿನವೂ ಕದಲುತ್ತಿದ್ದವು. ಅವಳು ಪಾದದಲ್ಲಿ ತಾಳ ಹಾಕುತ್ತ ಕೂತಳು. ಇಳಿಜಾರಿನಲ್ಲಿ ಅವರು ನಿಂತಾಗ ಅವಳ ಪಾದ ನಿಲ್ಲಲಿಲ್ಲ, ಮುಂದೆ ಹೋಯಿತು. ಎರಡನೆಯ ಸಲವೂ ಹೋಯಿತು. ವಾರದ ಕೊನೆಯ ಹೊತ್ತಿಗೆ ಅವಳ ಪಾದವೂ ಎರಡು ಪೆಟ್ಟು ಗಾಳಿಯಲ್ಲಿ ಕಾಯುತ್ತಿತ್ತು.

ಮುಂದಿನ ಜನವರಿಯಲ್ಲಿ ನಾನು ಬೀನ್ಸು, ಡಬ್ಬಿಯ ನೆಪವೆಲ್ಲ ಬದಿಗಿಟ್ಟು ಅವಳ ಮುಂದೆ ಹೋಗಿ ಕೂತೆ. ಮೊಣಕಾಲಿಗೆ ಮೊಣಕಾಲು ತಾಗಿಸಿದೆ. ಹೇಳಿಕೊಡು ದೊಡ್ಡಮ್ಮ, ಬಾಯಲ್ಲಾದರೂ ಇಟ್ಟುಕೊಳ್ಳುತ್ತೇನೆ ಎಂದೆ. ಅವಳಿಗೆ ಖುಷಿಯಾಯಿತು. ಕಣ್ಣು ಮುಚ್ಚಿ ಗುನುಗಿದಳು. ಹುಡುಕಾಟ ಮುಗಿಯಿತು, ಇಳಿಜಾರು ಬಂತು. ನಡುವಿನಲ್ಲಿ ನಿಂತಳು. ಎರಡು ಪೆಟ್ಟು, ಆಮೇಲೆ ಓಟ.

"ಅಲ್ಲಿ ನಿಲ್ಲಬಾರದಲ್ವಾ ದೊಡ್ಡಮ್ಮ?"

ಅವಳು ಮತ್ತೆ ಮೊದಲಿನಿಂದ ಗುನುಗಿದಳು, ಮತ್ತೆ ಅಲ್ಲೇ ನಿಂತಳು. ನನ್ನ ಮುಖ ನೋಡಿದಳು.

"ನಿಲ್ಲಬಾರದಾ?" ಅಂದಳು.

ಮಾರ್ಚಿನಲ್ಲಿ ಹೋದಳು. ಕೊರಿನ್‌ಗೂ ಬರೆದು ಕೇಳಿದೆ. ಆ ಬೆಳಗ್ಗೆ ಹೇಗೆ ನುಡಿಸಿದೆನೋ ಈಗ ಬೆರಳಿಗೆ ಬರುತ್ತಿಲ್ಲ, ಕ್ಷಮಿಸಿ ಎಂದು ಉತ್ತರ ಬಂತು.

ಈ ಜುಲೈನಲ್ಲಿ ಗಾರ್ಲೆಂಡ್ ಹೊಸ ಕುಟುಂಬಗಳಿಗೆ ‘ಕೆಂಪು ಕಡಸು’ ಕಲಿಸುತ್ತಿದ್ದ. ಅವನ ಕೈಯೂ ಈಗ ನಡುಗುತ್ತದೆ. ಮೇಜು ಒರೆಸಲು ಹೋದ ನನ್ನನ್ನು ಕರೆದು, ಇವರು ಓರ್ಫಮ್ಮನ ತಂಗಿಯ ಮಗಳು, ಹುಟ್ಟಿದಾಗಿನಿಂದ ಈ ಮಟ್ಟು ಕೇಳಿದವರು ಎಂದು ಪರಿಚಯ ಮಾಡಿಸಿದ. ಮಕ್ಕಳೆಲ್ಲ ಒಟ್ಟಿಗೆ ನುಡಿಸಿ, ಒಟ್ಟಿಗೆ ನಿಂತು, ನನ್ನತ್ತ ನೋಡಿದರು.

"ಸರಿಯಾಗಿದೆಯಾ ನೆವಾ?" ಎಂದು ಗಾರ್ಲೆಂಡ್ ಕೇಳಿದ.

ತಪ್ಪು ಎನ್ನಲು ನನ್ನ ಬಾಯಲ್ಲಿ ಸರಿಯಾದದ್ದು ಇರಲಿಲ್ಲ. "ಅವಳು ನುಡಿಸಿದ್ದು ಹೀಗೇ," ಎಂದು ಹೇಳಿ ಮೇಜು ಒರೆಸಿದೆ.